ಗಂಟೆ ಕಂಪನಿಯ ಬಳಕೆದಾರರು

ತನುಜಾ ಮೇಡಂ ನಮ್ಮೂರಿಗೆ ಬಂದಿಳಿದ ದಿನ ಕೇಳಿದ ಮೊದಲ ಮಾತೇ "ರೂಮಿನ ಕೀ ಎಲ್ಲಿ?" ಅಂತ. ಕಂಪನಿಯ ಅತಿಥಿಗೃಹ ನೋಡಿಕೊಳ್ಳುವ ಕೆಂಪಾಚಾರಿ ತಬ್ಬಿಬ್ಬಾದ. ನಮ್ಮೂರಿನ ಬಾಗಿಲುಗಳಿಗೆ ಕೀ ಇಲ್ಲ. ಮನೆಯವರ ಜೊತೆ ಬಳಕೆ, ಅಂದರೆ ಮಾತುಕತೆ ಒಡನಾಟ, ಇದ್ದವರು ಕೈಯಿಟ್ಟರೆ ತೆಗೆಯುತ್ತವೆ, ಇಲ್ಲದವರು ಎಷ್ಟು ಗುದ್ದಿದರೂ ಇಲ್ಲ. "ಸ್ವಲ್ಪ ಕೂತ್ಕೊಳಿ ಮೇಡಂ, ಒಂದು ಲೋಟ ಕಾಫಿ ಕುಡೀರಿ, ನಾಲ್ಕು ಮಾತಾಡೋಣ, ಆಮೇಲೆ ತಾನಾಗೇ ತೆಗೆಯುತ್ತೆ" ಅಂದನಂತೆ ಅವನು. ಮೇಡಂ ಕಾಫಿ ಕುಡಿಯುವವರಲ್ಲ, ಮಾತಾಡುವವರಂತೂ ಮೊದಲೇ ಅಲ್ಲ. ಸಂಜೆಯವರೆಗೆ ಸೂಟ್‌ಕೇಸಿನ ಮೇಲೆ ಕೂತಿದ್ದರು. ಕೊನೆಗೆ ಸೊಳ್ಳೆ ಕಾಟ ತಡೆಯಲಾರದೆ ಅರ್ಧ ಲೋಟ ಕುಡಿದು, ಕೆಂಪಾಚಾರಿಯ ಮಗಳ ಹೆಸರೇನು ಅಂತ ಕೇಳಿದರು. ಬಾಗಿಲು ತೆಗೆಯಿತು.

ಇದನ್ನು ಹೇಳುತ್ತಿರುವ ನಾನು ತುಂಗಾ, ಗಂಟೆ ಕಂಪನಿಯ ಟಪಾಲು ವಿಭಾಗದವಳು. ಶಾಲೆಗೆ ಬೇಕಾದ ಗಂಟೆ, ಸೈಕಲ್ಲಿನ ಗಂಟೆ, ಮನೆ ಬಾಗಿಲಿಗೆ ಹಾಕುವ ಗಂಟೆ, ಎಲ್ಲ ಮಾಡುತ್ತೇವೆ. ಬಾಗಿಲ ಗಂಟೆ ನಮ್ಮೂರಲ್ಲಿ ಒಂದೂ ಖರ್ಚಾಗುವುದಿಲ್ಲ. ಯಾರಿಗೆ ಬೇಕು? ಅಷ್ಟೂ ಹೊರಗಿನ ಊರುಗಳಿಗೆ ಹೋಗುತ್ತದೆ. ಈ ವರ್ಷ ಹೊಸದೊಂದು ಬಾಗಿಲ ಗಂಟೆ ಸಿದ್ಧವಾಗಿತ್ತು. ಅದರ ನಾದ ಕೇಳಿದರೆ ಸಾಲ ಕೊಟ್ಟವನು ಬಂದರೂ ಎದ್ದು ಹೋಗಿ ಬಾಗಿಲು ತೆಗೆಯೋಣ ಅನ್ನಿಸಬೇಕು, ಅಷ್ಟು ಇಂಪು. ನಾವು ಮಾರುಕಟ್ಟೆಗೆ ಬಿಡುವ ಮೊದಲೇ ಬೇರೆ ಊರಿನ ಕಂಪನಿಯೊಂದು ಅದೇ ನಾದದ ಗಂಟೆ ಬಿಟ್ಟುಬಿಟ್ಟಿತು. ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಗಂಟೆಯ ನಕ್ಷೆ ನಮ್ಮ ಕಂಪ್ಯೂಟರಿನಿಂದಲೇ ಹೋಗಿದೆ, ತೂತು ಎಲ್ಲಿದೆ ಹುಡುಕಿಕೊಡಿ ಅಂತ ತನುಜಾ ಮೇಡಂ ಅವರನ್ನು ಕರೆಸಿದ್ದರು.

ಕಂಪ್ಯೂಟರುಗಳೂ ನಮ್ಮಲ್ಲಿ ಬಾಗಿಲುಗಳ ಹಾಗೆಯೇ. ಎದುರಿಗೆ ಕೂತು ಕೀಲಿಮಣೆಯ ಮೇಲೆ ಅಂಗೈ ಇಟ್ಟರೆ, ಆ ಯಂತ್ರದ ಒಡೆಯರ ಜೊತೆ ಬಳಕೆ ಇದ್ದರೆ ಪರದೆ ತೆರೆದುಕೊಳ್ಳುತ್ತದೆ. ಮೇಡಂ ಮೊದಲ ವಾರ ಎಲ್ಲರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟು, "ಇದನ್ನ ಯಾರಿಗೂ ಹೇಳಬಾರದು" ಅಂದರು. ಅದೆಂಥ ಮಾತು! ಪಕ್ಕದಲ್ಲಿ ಕೂತವರಿಗೆ ಹೇಳದೆ ಇದ್ದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಸಂಜೆಯೊಳಗೆ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಬಾಯಿಪಾಠ ಆಗಿತ್ತು. ಮರುದಿನ ಸಭೆ ಕರೆದರು. "ಒಂದು ಯಂತ್ರಕ್ಕೆ ಒಬ್ಬರೇ ಬಳಕೆದಾರರು" ಅಂತ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಯಾಕಿಂಗಿನ ವನಜಾಕ್ಷಿ ಎದ್ದು ನಿಂತು, "ಒಬ್ಬರ ಜೊತೆ ಮಾತ್ರ ಬಳಕೆ ಇಟ್ಕೊಂಡು ಬಾಳೋಕಾಗುತ್ತಾ ಮೇಡಂ? ಹೆತ್ತೋರು ಒಡಹುಟ್ಟಿದೋರು ಇರಲ್ವಾ?" ಅಂತ ಕೇಳಿದಳು. ಮೇಡಂಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹಾಗಂತ ಅವರು ದಡ್ಡರೇನಲ್ಲ. ಬೀಗದ ಮಾತು ಬಿಟ್ಟು ಬೇರೆ ದಾರಿ ಹಿಡಿದರು. "ತುಂಗಮ್ಮಾ, ಯಂತ್ರ ನೋಡಿ ಪ್ರಯೋಜನ ಇಲ್ಲ, ಜನರನ್ನ ನೋಡಬೇಕು. ಯಾರು ಯಾರ ಜೊತೆ ಮಾತಾಡ್ತಾರೆ ಅಂತ ಗೊತ್ತಾದ್ರೆ, ಗುಟ್ಟು ಯಾವ ದಾರೀಲಿ ಹೊರಗೆ ಹೋಗ್ಬಹುದು ಅಂತಾನೂ ಗೊತ್ತಾಗುತ್ತೆ" ಅಂದರು. ಹೆಸರು ಓದಿ ಹೇಳಲು ನನ್ನನ್ನು ಅವರ ಪಕ್ಕಕ್ಕೆ ಹಾಕಿದ್ದರು. ಯಾರು ಯಾರಿಗೆ ಫೋನ್ ಮಾಡಿದರು, ಯಾರು ಯಾರಿಗೆ ಸಂದೇಶ ಕಳಿಸಿದರು, ಕ್ಯಾಂಟೀನಿನಲ್ಲಿ ಯಾರ ಪಕ್ಕ ಯಾರು ಕೂತರು, ಎಲ್ಲ ಕಲೆಹಾಕಿದೆವು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಮಾತಿದ್ದ ಕಡೆ ಗೆರೆ. ಮಾತು ಹೆಚ್ಚಿದ್ದರೆ ಗೆರೆ ದಪ್ಪ. ಯಾರದೋ ಕಾಲು ತಾಗಿ ಕದಡಿದ ರಂಗೋಲಿ ಥರ ಕಾಣುತ್ತಿತ್ತು.

ಮೇಡಂ ಮಾಡಿದ ತಪ್ಪು ಒಂದೇ, ಆ ಚುಕ್ಕಿ ಗೆರೆಗಳ ನಕ್ಷೆಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದು. ಎಲ್ಲರೂ ತಿಳಿದುಕೊಳ್ಳಲಿ ಅಂತ ಅವರ ಉದ್ದೇಶ. ನಮ್ಮವರು ಮದುವೆ ಮನೆಯಲ್ಲಿ ತಮ್ಮ ಹೆಸರು ಎಲ್ಲಿ ಬಂದಿದೆ ಅಂತ ಲಗ್ನಪತ್ರಿಕೆ ನೋಡುವ ಹಾಗೆ ಅದನ್ನು ನೋಡಿದರು. ವನಜಾಕ್ಷಿ ಅತ್ತೇಬಿಟ್ಟಳು. ಅವಳಿಗೂ ಅವಳ ಸ್ವಂತ ಅಕ್ಕನಿಗೂ ನಡುವೆ ಕೂದಲೆಳೆಯಷ್ಟು ಗೆರೆ, ಲೆಕ್ಕಪತ್ರದ ಗುಮಾಸ್ತನಿಗೂ ಅವಳಿಗೂ ಹೆಬ್ಬೆರಳು ಗಾತ್ರದ್ದು! ಅವತ್ತಿನಿಂದ ಕಂಪನಿಯಲ್ಲಿ ಕೆಲಸವೇ ನಿಂತುಹೋಯಿತು. ಗೆರೆ ದಪ್ಪ ಮಾಡಿಕೊಳ್ಳಲು ಜನ ಮಹಡಿಯಿಂದ ಮಹಡಿಗೆ ಹತ್ತಿ ಇಳಿದು, "ಹೇಗಿದ್ದೀರಿ, ಅತ್ತೆಯವರ ಮಂಡಿನೋವು ಹೇಗಿದೆ?" ಅಂತ ವಿಚಾರಿಸಿದ್ದೇ ವಿಚಾರಿಸಿದ್ದು. ವಾರದ ಹೊತ್ತಿಗೆ ನಕ್ಷೆಯಲ್ಲಿ ಬಿಳಿ ಜಾಗವೇ ಉಳಿಯಲಿಲ್ಲ. "ನಾನೇನು ನಿಮ್ಮ ನೆಂಟಸ್ತಿಕೆಗೆ ಮಾರ್ಕ್ಸ್ ಕೊಡ್ತಿದ್ದೀನಾ?" ಅಂತ ಮೇಡಂ ಕೂಗಾಡಿ, ಅದನ್ನು ಕಿತ್ತುಹಾಕಿ, ತಾವು ಬರುವುದಕ್ಕೆ ಮುಂಚಿನ ಮಾತುಕತೆಯಷ್ಟನ್ನೇ ಇಟ್ಟುಕೊಂಡು ಮತ್ತೆ ಶುರುಮಾಡಿದರು.

ಈ ಸಲ ಎರಡು ನಕ್ಷೆ ಬರೆದರು. ಒಂದು ಮಾತಿನದು. ಇನ್ನೊಂದು ಯಂತ್ರಗಳದು, ಅಂದರೆ ಯಾರ ಕಂಪ್ಯೂಟರನ್ನು ಯಾರ ಕೈ ತೆರೆದಿದೆ ಅನ್ನುವುದು. ಯಂತ್ರಗಳು ಅದನ್ನು ನೆನಪಿಟ್ಟುಕೊಂಡಿರುತ್ತವಂತೆ, ನಮಗೇ ಗೊತ್ತಿರಲಿಲ್ಲ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಎಲ್ಲ ಕಡೆ ಗೆರೆ ಮೇಲೆ ಗೆರೆ ಸರಿಯಾಗಿ ಕೂತಿತ್ತು. ಒಂದು ಕಡೆ ಮಾತ್ರ ಇಲ್ಲ. ಅಲ್ಲಿ ಮಾತಿನ ಗೆರೆಯೇ ಇಲ್ಲ, ಆದರೆ ದಿನಾ ಊಟದ ಗಂಟೆ ಹೊಡೆದ ಮೇಲೆ ಒಬ್ಬರ ಯಂತ್ರವನ್ನು ಇನ್ನೊಬ್ಬರ ಕೈ ತೆರೆದಿದೆ. ಮೇಡಂ ಬೆರಳಿಟ್ಟು, "ಇದೇ ತೂತು" ಅಂದರು. ನಾನು ಬಗ್ಗಿ ಹೆಸರು ಓದಿದೆ. ಯಂತ್ರ ನಮ್ಮ ಅಂಬುಜಾಕ್ಷಿಯದು. ಕೈ ಮರುಳಯ್ಯನವರದು.

ಅಂಬುಜಾ ಗಂಟೆಗಳ ಆಕಾರ ಬರೆಯುವವಳು. ಹೊಸ ಗಂಟೆಯೂ ಅವಳದೇ. ನನಗೆ ಶಾಲೆ ದಿನಗಳಿಂದ ಗೆಳತಿ. ಮರುಳಯ್ಯನವರು ಆಗ ಶ್ರುತಿ ಕೋಣೆಯ ಮುಖ್ಯಸ್ಥರು. ತಯಾರಾದ ಗಂಟೆಯನ್ನು ಬಾರಿಸಿ ಕಿವಿಗೊಟ್ಟು ಕೇಳಿ, ಸರಿ ಅಂದರೆ ಸರಿ, ಒಡಕು ಅಂದರೆ ಕುಲುಮೆಗೆ ವಾಪಸ್ಸು. ಒಂದು ಕಾಲದಲ್ಲಿ ಇಬ್ಬರೂ ಒಟ್ಟಿಗೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಇವಳ ಬಸ್ಸಾರು, ಅವರ ಚಟ್ನಿಪುಡಿ, ನನಗೂ ಪಾಲು. ಆಮೇಲೆ ಒಂದು ದಿನ ಸಭೆಯಲ್ಲಿ ಅಂಬುಜಾ, "ಈ ಗಂಟೆ ಒಡಕು ದನಿ ಕೊಡ್ತಿದೆ, ನಿಮಗೆ ಕೇಳಿಸ್ತಿಲ್ವಾ? ಒಂದ್ಸಲ ಕಿವಿ ತೋರಿಸ್ಕೊಳ್ಳಿ ಮರುಳಯ್ಯನವರೇ" ಅಂದುಬಿಟ್ಟಳು. ಒಳ್ಳೆಯದಕ್ಕೇ ಅಂದದ್ದು. ಆದರೆ ಕಿವಿಯಿಂದಲೇ ಅನ್ನ ತಿನ್ನುವ ಮನುಷ್ಯನಿಗೆ ಹತ್ತು ಜನರ ಮುಂದೆ ಹಾಗೆ ಅನ್ನುವುದೇ? ಅವರ ಮುಖ ಕಪ್ಪಿಟ್ಟಿತು. ಎದ್ದು ಹೋದವರು ಮತ್ತೆ ಇವಳ ಜೊತೆ ತುಟಿ ಬಿಚ್ಚಲಿಲ್ಲ.

ನಮ್ಮೂರಲ್ಲಿ ಮಾತು ಬಿಟ್ಟ ಮಾತ್ರಕ್ಕೆ ಬಳಕೆ ಹೋಗುವುದಿಲ್ಲ. ಅದಕ್ಕೆ "ನಿಮ್ಮ ನಮ್ಮ ಬಳಕೆ ಇವತ್ತಿಗೆ ಮುಗೀತು" ಅಂತ ಬಾಯಿಬಿಟ್ಟು ಹೇಳಬೇಕು, ಎದುರಿನವರ ಕಿವಿಗೆ ಅದು ಬೀಳಬೇಕು. ಆಗಲೇ ಬಾಗಿಲು ಮುಚ್ಚುವುದು. ನಮ್ಮ ಭಾವನವರ ಕಥೆ ಕೇಳಿ. ಆಸ್ತಿ ಪಾಲಿನ ಜಗಳದಲ್ಲಿ ಅವರ ಅಣ್ಣಂದಿರು ಈ ಮಾತು ಹೇಳಲು ಬೀದಿಬೀದಿ ಅಟ್ಟಿಸಿಕೊಂಡು ಹೋದರು. ಭಾವ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹಬ್ಬದ ದಿನ ನೇರ ಅಣ್ಣನ ಮನೆಗೇ ಊಟಕ್ಕೆ ಹೋದರು. ಬಾಗಿಲು ತೆಗೆಯಿತು. ಒಳಗೆ ಬಂದವರಿಗೆ ಬಡಿಸದೆ ಇರಲಾಗುತ್ತದೆಯೇ? ಹಲ್ಲು ಕಚ್ಚಿಕೊಂಡು ಹೋಳಿಗೆ ಬಡಿಸಿದರು. ಯಾರಾದರೂ ಆ ಮಾತು ಶುರುಮಾಡಿದರೆ ಸುತ್ತ ಇದ್ದವರೂ ಕಿವಿ ಮುಚ್ಚಿಕೊಳ್ಳುತ್ತಾರೆ, ತಪ್ಪಿ ತಮಗೇ ತಗುಲೀತು ಅಂತ. ಸಣ್ಣ ಮಕ್ಕಳಿಗೂ ಅದು ಅಭ್ಯಾಸ.

ಮರುಳಯ್ಯನವರು ಅಂಬುಜಾಗೆ ಆ ಮಾತು ಎಂದೋ ಹೇಳಿ ಆಗಿದೆ ಅಂತಲೇ ಕಂಪನಿಯವರೆಲ್ಲ ತಿಳಿದಿದ್ದರು. ಹಾಗಾಗಿ ಮೇಡಂ ನಕ್ಷೆ ನೋಡಿ ಯಜಮಾನರೂ ಮೊದಲು ನಂಬಲಿಲ್ಲ. "ಅವರಿಬ್ಬರ ಬಳಕೆ ಹೋಗಿ ಯಾವ ಕಾಲ ಆಯ್ತು. ನಿಮ್ಮ ಗೆರೆ ಲೆಕ್ಕ ತಪ್ಪಿರಬೇಕು" ಅಂದರು. ಮೇಡಂ ಬಿಡಲಿಲ್ಲ. "ಹೊರಗೆ ಜಗಳ, ಒಳಗೆ ಕೊಡುಕೊಳ್ಳುವಿಕೆ. ಗುಟ್ಟು ಸಾಗಿಸೋರು ಹೀಗೇ ಇರ್ತಾರೆ ಸರ್" ಅಂದರು. ಕೊನೆಗೆ ಯಜಮಾನರು ತೀರ್ಮಾನ ಹೇಳಿದರು: ನಾಳೆ ಊಟದ ಗಂಟೆ ಆದ ಮೇಲೆ ಎಲ್ಲರ ಕಣ್ಣೆದುರಿಗೆ ಮರುಳಯ್ಯನವರು ಅಂಬುಜಾಕ್ಷಿಯ ಯಂತ್ರದ ಮೇಲೆ ಕೈಯಿಡಬೇಕು. ತೆರೆಯದಿದ್ದರೆ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋಗಲಿ. ತೆರೆದರೆ ಇಬ್ಬರೂ ಮನೆಗೆ ಹೋಗಲಿ.

ನಾನು ಅಂಬುಜಾಳನ್ನು ಕೈ ತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋದೆ. "ನಿಜ ಹೇಳೇ, ತೆರೆಯುತ್ತಾ?" ಅಂದೆ. ಅವಳು ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಂಡು, "ತೆರೆಯುತ್ತೆ" ಅಂದಳು. "ಅವರು ಹೇಳಲೇ ಇಲ್ಲ ತುಂಗಾ ಆ ಮಾತನ್ನ. ನಾನೂ ಹೇಳ್ಲಿಲ್ಲ."

"ಮತ್ತೆ ದಿನಾ ನಿನ್ನ ಯಂತ್ರದಲ್ಲಿ ಅವರಿಗೇನು ಕೆಲಸ?"

"ಅವರ ಕಿವಿ ಪೂರಾ ಹೋಗಿದೆ ಕಣೇ."

"ನಿನಗ್ಯಾರು ಹೇಳಿದ್ರು?"

"ಕುರ್ಚಿ" ಅಂದಳು. ಅವಳು ಎತ್ತರದ ಆಳು, ಮರುಳಯ್ಯನವರು ಗಿಡ್ಡ. ಊಟ ಮುಗಿಸಿ ಬಂದರೆ ದಿನಾ ಕುರ್ಚಿ ಕೆಳಗಿಳಿದಿರುತ್ತಿತ್ತಂತೆ. ಇವಳು ಮತ್ತೆ ಏರಿಸಿಕೊಂಡು ಕೂರುತ್ತಿದ್ದಳು. ಗಂಟೆ ಬಾರಿಸಿದಾಗ ಅದರ ನಾದ ಪರದೆಯ ಮೇಲೆ ಅಲೆಅಲೆಯಾಗಿ ಮೂಡುವ ಚಿತ್ರ ಇವಳ ಯಂತ್ರದಲ್ಲಿ ಮಾತ್ರ ಇದೆ. ಅಲೆ ನೆಟ್ಟಗಿದ್ದರೆ ಗಂಟೆ ಸರಿ, ಮುರಿದಿದ್ದರೆ ಒಡಕು. ಮರುಳಯ್ಯನವರು ಕಿವಿಯ ಕೆಲಸವನ್ನು ಕಣ್ಣಿನಲ್ಲಿ ಮಾಡುತ್ತಿದ್ದರು. ಇದು ಗೊತ್ತಾದ ಮೇಲೆ ಅಂಬುಜಾ ಊಟಕ್ಕೆ ಏಳುವ ಮುಂಚೆ ಅವತ್ತಿನ ಗಂಟೆಗಳ ಚಿತ್ರವನ್ನು ಎಲ್ಲಕ್ಕಿಂತ ಮೇಲೆ ತೆರೆದಿಟ್ಟು ಹೋಗುತ್ತಿದ್ದಳು, ಅವರು ಹುಡುಕಾಡುವುದು ಬೇಡ ಅಂತ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಒಂದು ಮಾತಿಲ್ಲ, ಕಥೆಯಿಲ್ಲ. ಕುರ್ಚಿ ಇಳಿಯುವುದು, ಏರುವುದು.

"ಹೇಳಿಬಿಡು ಹಾಗಾದ್ರೆ" ಅಂದೆ.

"ಹೇಳಿದ್ರೆ ನಾಳೇನೇ ಅವರನ್ನ ಶ್ರುತಿ ಕೋಣೆಯಿಂದ ಹೊರಗೆ ಹಾಕ್ತಾರೆ. ಒಂದ್ಸಲ ಎಲ್ಲರ ಮುಂದೆ ಅವರ ಕಿವಿ ವಿಷಯ ಎತ್ತಿದ್ದಕ್ಕೆ ಪಟ್ಟಿದ್ದು ಸಾಲ್ದಾ ನಾನು? ಮತ್ತೆ ನಾನೇ ಎತ್ತಲಾ?"

"ಹೇಳದಿದ್ರೆ ನಿನ್ನನ್ನ ಕಳ್ಳಿ ಅಂತಾರಲ್ಲೇ, ಮಾರಾಯ್ತಿ!"

ಅವಳು ನಲ್ಲಿ ನಿಲ್ಲಿಸಿದಳು. "ತೆರೀದೇ ಇರೋ ಹಾಗೆ ಮಾಡೋಕೆ ಒಂದೇ ದಾರಿ ಇದೆ. ನಾನೇ ಆ ಮಾತು ಹೇಳ್ಬಿಡ್ತೀನಿ. ಬಳಕೆ ಹೋಗುತ್ತೆ, ಅವರ ಕೆಲಸ ಉಳಿಯುತ್ತೆ" ಅಂದಳು. ಚಿತ್ರ ನೋಡಲಾರದೆ ಆಮೇಲೆ ಅವರು ಹೇಗೆ ಕೆಲಸ ಮಾಡುತ್ತಾರೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಮರುದಿನ ಬೆಳಗ್ಗೆಯಿಂದ ಅವಳು ಶ್ರುತಿ ಕೋಣೆಯ ತನಕ ಹೋಗುವುದು, ಹೊಸಿಲ ಹತ್ತಿರ ನಿಲ್ಲುವುದು, ವಾಪಸ್ಸು ಬರುವುದು ಇದೇ ಆಯಿತು. "ಮುಖ ನೋಡಿದ್ರೆ ಬಾಯಿ ಬರ್ತಾ ಇಲ್ಲ ಕಣೇ" ಅಂದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆದೇಬಿಟ್ಟಿತು. ಯಾರೂ ಊಟಕ್ಕೆ ಹೋಗಲಿಲ್ಲ. ಎಲ್ಲರೂ ಅಂಬುಜಾ ಕೂರುವ ನಕ್ಷೆ ವಿಭಾಗದಲ್ಲಿ ಗುಂಪುಗಟ್ಟಿದರು. ಯಜಮಾನರಿಗೆ ಕುರ್ಚಿ ಹಾಕಿದರು. ಅಂಬುಜಾ ಹಿಂದೆ ನಿಲ್ಲಬೇಕು, ಯಂತ್ರ ಮುಟ್ಟಬಾರದು ಅಂತ ಮೇಡಂ ಹೇಳಿದರು. ಮರುಳಯ್ಯನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಯಾರ ಮುಖವನ್ನೂ ನೋಡಲಿಲ್ಲ. ಕೂತರು. ಕೂತ ತಕ್ಷಣ ಅವರ ಎಡಗೈ, ಕಣ್ಣಿನ ಸಹಾಯವಿಲ್ಲದೆ, ಕುರ್ಚಿಯ ಕೆಳಗಿನ ಹಿಡಿ ಹುಡುಕಿ ಒತ್ತಿತು. ಕುರ್ಚಿ ಪುಸ್ಸೆಂದು ಇಳಿಯಿತು. ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದರು. ಅಂಬುಜಾ ಅವರ ಬೆನ್ನ ಹಿಂದೆ ನಿಂತಿದ್ದಳು. ಮುಖ ಕಾಣುತ್ತಿರಲಿಲ್ಲವಾದ್ದರಿಂದಲೋ ಏನೋ, ಅವಳ ಬಾಯಿ ಬಂತು. ಇಡೀ ಕೋಣೆಗೆ ಕೇಳುವ ಹಾಗೆ, "ಮರುಳಯ್ಯನವರೇ, ನಿಮ್ಮ ನಮ್ಮ ಬಳಕೆ ಇವತ್ತಿಗೆ ಮುಗೀತು" ಅಂದಳು.

ಅಯ್ಯೋ ಶಿವನೇ ಅಂತ ಎಲ್ಲರ ಕೈಯೂ ತಂತಮ್ಮ ಕಿವಿಗೆ ಹೋಯಿತು. ಯಜಮಾನರೂ ಮುಚ್ಚಿಕೊಂಡರು. ಹೇಳಿದವಳನ್ನು ಬಿಟ್ಟರೆ ಮುಚ್ಚಿಕೊಳ್ಳದೆ ಇದ್ದವರು ಇಬ್ಬರೇ. ಒಬ್ಬರು ತನುಜಾ ಮೇಡಂ, ಅವರಿಗೆ ಅಭ್ಯಾಸವಿಲ್ಲ. ಇನ್ನೊಬ್ಬರು ಮರುಳಯ್ಯನವರು. ಅವರು ಬೆಚ್ಚಲಿಲ್ಲ, ತಿರುಗಲಿಲ್ಲ, ಚಾಚಿದ ಕೈಯನ್ನು ನಿಧಾನಕ್ಕೆ ಕೀಲಿಮಣೆಯ ಮೇಲೆ ಇಟ್ಟರು. ಪರದೆ ತೆರೆದುಕೊಂಡಿತು. ಅವತ್ತಿನ ಗಂಟೆಗಳ ಅಲೆಗಳು ಎಲ್ಲಕ್ಕಿಂತ ಮೇಲಿದ್ದವು. ಅಭ್ಯಾಸಬಲದಿಂದ ಅವಳು ಅವತ್ತೂ ತೆರೆದಿಟ್ಟಿದ್ದಳು.

ತೆರೆಯಿತು ಅನ್ನುವುದಕ್ಕಿಂತ ಏಕೆ ತೆರೆಯಿತು ಅನ್ನುವುದು ಎಲ್ಲರಿಗೂ ಒಂದೇ ಸಲಕ್ಕೆ ಹೊಳೆಯಿತು. ಅಷ್ಟು ಗಟ್ಟಿಯಾಗಿ ಹೇಳಿದ್ದು ಆ ಕಿವಿಗೆ ಬಿದ್ದಿರಲಿಲ್ಲ. ಮೇಡಂ ಒಬ್ಬರೇ, "ಏನಾಯ್ತು, ಏನಾಯ್ತು?" ಅಂತ ನನ್ನ ತೋಳು ಜಗ್ಗುತ್ತಿದ್ದರು. ಅಂಬುಜಾ ಬಿಳಿಚಿಕೊಂಡಿದ್ದಳು. ಯಾವುದನ್ನು ಮುಚ್ಚಿಡಲು ಅಷ್ಟು ಮಾಡಿದಳೋ ಅದನ್ನೇ ಡಂಗುರ ಹೊಡೆದ ಹಾಗಾಗಿತ್ತು.

ಆಮೇಲೆ ನಡೆದದ್ದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಅದರಲ್ಲಿ ಅಂಥದ್ದೇನಿಲ್ಲ. ಕಿವುಡಾದವರು ಕಣ್ಣಿನಿಂದ ಗಂಟೆ ಪರೀಕ್ಷಿಸುತ್ತಿದ್ದರು, ನಾದ ಕದಿಯುತ್ತಿರಲಿಲ್ಲ ಅಂತ ನಾನೇ ಮೇಡಂಗೆ ವಿವರಿಸಿದೆ. ಅವರು ಸಂಜೆಯವರೆಗೆ ನಕ್ಷೆಯ ಗೆರೆಗಳನ್ನು ಮತ್ತೆ ಮತ್ತೆ ಎಣಿಸಿದರು. ಆಮೇಲೆ, "ತುಂಗಮ್ಮಾ, ಯಜಮಾನರ ಚುಕ್ಕಿ ಎಲ್ಲಿ?" ಅಂದರು. ಅದನ್ನು ಹಾಕಿಯೇ ಇರಲಿಲ್ಲ. ಯಜಮಾನರನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಹಾಕಿದರು. ಊರಿನ ಆಚೆಗೆ ಹೋದ ಗೆರೆಗಳಲ್ಲೆಲ್ಲ ದಪ್ಪನೆಯದು ಅವರಿಂದ ಹೊರಟು ಬೀಗರ ಮನೆಗೆ ಹೋಗಿತ್ತು. ಬೀಗರು ಆ ಇನ್ನೊಂದು ಕಂಪನಿಯಲ್ಲಿ ಪಾಲುದಾರರು. ಹೊಸ ಗಂಟೆ ತಯಾರಾದ ದಿನ ನಮ್ಮ ಯಜಮಾನರು ಖುಷಿ ತಡೆಯಲಾರದೆ ಫೋನಿಗೆ ಹಿಡಿದು ಬಾರಿಸಿ ಕೇಳಿಸಿದ್ದರು. ಯಂತ್ರ ತೆರೆಯುವ ಅಗತ್ಯವೇ ಬಿದ್ದಿರಲಿಲ್ಲ. ಕೇಳಿದರೆ, "ಬೀಗರಿಗೆ ಕೇಳಿಸದೆ ಇನ್ಯಾರಿಗೆ ಕೇಳಿಸ್ಲಿ?" ಅಂದರು. ಮಗಳನ್ನು ಕೊಟ್ಟ ಮನೆ, ಬಳಕೆ ಮುಗೀತು ಅನ್ನಲು ಬರುತ್ತದೆಯೇ? ವಿಷಯ ಅಲ್ಲಿಗೆ ತಣ್ಣಗಾಯಿತು. ಇಬ್ಬರೂ ಮನೆಗೆ ಹೋಗಬೇಕು ಅನ್ನುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮರುಳಯ್ಯನವರನ್ನು ಮಾತ್ರ ಶ್ರುತಿ ಕೋಣೆಯಿಂದ ತೆಗೆದರು. ಅಂಬುಜಾಳ ಪಕ್ಕ ಕಿಟಕಿಯ ಹತ್ತಿರ ಒಂದು ಮೇಜು ಹಾಕಿ, ಅಲೆ ನೋಡುವ ಕೆಲಸ ಕೊಟ್ಟರು. ಹುದ್ದೆ ಒಂದು ಮೆಟ್ಟಿಲು ಇಳಿಯಿತು. ಕೋಣೆ ಖಾಲಿ ಮಾಡುವಾಗ ಅವರು ಅತ್ತರು ಅಂತ ಕೆಲವರು ಹೇಳುತ್ತಾರೆ, ನಾನು ನೋಡಲಿಲ್ಲ. ಮೇಡಂ ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ತುಂಗಮ್ಮಾ, ನನಗೆ ಮಾತ್ರ ಆ ಮಾತು ಹೇಳ್ಬೇಡಿ" ಅಂದರು. ಹೇಳಿಲ್ಲ.

ಇದೆಲ್ಲ ಆಮೇಲಿನದು. ಆ ಮಧ್ಯಾಹ್ನ ಪರದೆ ತೆರೆದ ಮೇಲೆ ಮರುಳಯ್ಯನವರು ಸ್ವಲ್ಪ ಹೊತ್ತು ಅಲೆಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ಯಾರೂ ಹತ್ತಿರ ಬಾರದ್ದನ್ನು ಕಂಡು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದರು. ನಾವೆಲ್ಲ ಇನ್ನೂ ಕಿವಿ ಮುಚ್ಚಿಕೊಂಡೇ ನಿಂತಿದ್ದೆವು, ಇಳಿಸುವುದು ಮರೆತುಹೋಗಿತ್ತು. ಅವರೂ ನಮ್ಮೂರಿನವರೇ. ಜನ ಯಾವಾಗ ಹಾಗೆ ನಿಲ್ಲುತ್ತಾರೆ ಅಂತ ಅವರಿಗೆ ಗೊತ್ತು. ಒಬ್ಬೊಬ್ಬರನ್ನೇ ನೋಡುತ್ತ ಬಂದು ಕಡೆಗೆ ಅಂಬುಜಾಳ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

"ಏನೋ ಅಂದ್ರಲ್ಲ ಅಂಬುಜಮ್ಮ" ಅಂದರು. ಎಷ್ಟೋ ವರ್ಷದ ಮೇಲೆ ಅವಳ ಹೆಸರು ಅವರ ಬಾಯಲ್ಲಿ ಬಂದದ್ದು ಅವತ್ತೇ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ತಮ್ಮ ದನಿಯೇ ತಮಗೆ ಕೇಳದವರದ್ದು ಇರುವ ಹಾಗೆ. "ಏನಂದ್ರಿ? ತುಟಿ ಕಾಣೋ ಹಾಗೆ ಹೇಳಿ."

ಅಂಬುಜಾ ಮುಂದೆ ಬಂದಳು. ಇಳಿದ ಕುರ್ಚಿಯ ಮಟ್ಟಕ್ಕೆ ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು.

"ಊಟ ಆಯ್ತಾ ಅಂತ ಕೇಳ್ದೆ."

ಮರುಳಯ್ಯನವರು ಕಿವಿಯ ಮೇಲಿದ್ದ ನಮ್ಮ ಕೈಗಳನ್ನು ಇನ್ನೊಂದು ಸಲ ನೋಡಿದರು. ಅವರೇನು ಎಳೆಮಗುವಲ್ಲ.

"ಇನ್ನೂ ಇಲ್ಲ" ಅಂದರು. "ಏನು ತಂದಿದ್ದೀರಿ?"